ಮರಿ ಅಂದರೆ ಎಷ್ಟು ಮರಿ?

ದನಕ್ಕೆ ನಾವು ಎಷ್ಟು ಹೆಸರು ಇಟ್ಟಿದ್ದೇವೆ ನೋಡಿ. ಹುಟ್ಟಿದ್ದು ಕರು. ಬೆಳೆದರೂ ಇನ್ನೂ ಗಬ್ಬ ಕಟ್ಟದ್ದು ಕಡಸು. ಕರು ಹಾಕಿದ ಮೇಲೆ ಹಸು. ಹಾವಿಗೆ ಮಾತ್ರ ಎರಡೇ ಪದ: ಮರಿ, ಹಾವು. ಹಾವುಗಳನ್ನು ಅಧ್ಯಯನ ಮಾಡುವವರು ಈ 'ಮರಿ'ಯನ್ನು ಇನ್ನಷ್ಟು ಬಿಡಿಸಿ ಹೇಳುತ್ತಾರೆ.

ಆಗಷ್ಟೇ ಮೊಟ್ಟೆಯಿಂದ ಬಂದದ್ದು ಹ್ಯಾಚ್‌ಲಿಂಗ್. ಆಗುಂಬೆ ಕಡೆಯ ಕಾಳಿಂಗವನ್ನೇ ತಗೊಳ್ಳಿ. ಬೇಸಿಗೆಯಲ್ಲಿ ಹೆಣ್ಣು ದರಗು ಒಟ್ಟು ಮಾಡಿ ಗೂಡು ಕಟ್ಟಿ ಮೊಟ್ಟೆ ಇಡುತ್ತದೆ. ಮಳೆಗಾಲದಲ್ಲಿ ಮರಿಗಳು ಹೊರಬರುತ್ತವೆ. ಮೂತಿಯ ತುದಿಯಲ್ಲಿ ಒಂದು ಪುಟ್ಟ ಹಲ್ಲು ಇರುತ್ತದೆ. ಮೊಟ್ಟೆ ಸೀಳುವುದಷ್ಟೇ ಅದರ ಕೆಲಸ, ಆಮೇಲೆ ಬಿದ್ದುಹೋಗುತ್ತದೆ. ಹೊಟ್ಟೆಯಲ್ಲಿ ಉಳಿದ ಹಳದಿ ಲೋಳೆಯೇ ಮೊದಲ ದಿನಗಳ ಊಟ. ವಿಷ ಮಾತ್ರ ಹುಟ್ಟಿನಿಂದಲೇ ಇರುತ್ತದೆ. ಮರಿ ಅಲ್ವಾ ಅಂತ ಸುಮ್ನೆ ಕೈ ಹಾಕಬೇಡಿ.

ಕೊಳಕುಮಂಡಲ, ಮಲಬಾರ್ ಗುಳಿಮಂಡಲ ನೇರವಾಗಿ ಮರಿ ಹಾಕುತ್ತವೆ. ಅವುಗಳ ಹಸಿ ಮರಿಗೆ ನಿಯೋನೇಟ್ ಎನ್ನುತ್ತಾರೆ.

ಪೊರೆ ಬಿಟ್ಟು, ತಾನೇ ಬೇಟೆಯಾಡಿ ಬೆಳೆಯುತ್ತಿರುವುದು ಜುವೆನೈಲ್. ಈ ಹಂತದ ಕಾಳಿಂಗ ಕಪ್ಪಗಿದ್ದು, ಮೈತುಂಬ ಬಿಳಿ ಹಳದಿ ಪಟ್ಟೆ ಇರುತ್ತದೆ. ದೊಡ್ಡ ಕಾಳಿಂಗವನ್ನಷ್ಟೇ ಕಂಡವರಿಗೆ ಗುರುತೇ ಸಿಗುವುದಿಲ್ಲ.

ಜಾಸ್ತಿ ಗೊಂದಲ ಆಗುವುದು ಸಬ್‌ಅಡಲ್ಟ್ ಪದದಲ್ಲಿ. ನೋಡಲು ದೊಡ್ಡ ಹಾವೇ, ಆದರೆ ಇನ್ನೂ ಮರಿ ಮಾಡುವ ಪ್ರಾಯಕ್ಕೆ ಬಂದಿಲ್ಲ. ನಮ್ಮ ಕೊಟ್ಟಿಗೆಯ ಕಡಸು ಇದೇ ತಾನೇ? 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವನ್ನು ಬೇರೆ ಜಾತಿ ಎಂದು ಗುರುತಿಸಿದಾಗ ಅದರ ವೈಜ್ಞಾನಿಕ ಹೆಸರಿಗೆ 'ಕಾಳಿಂಗ' ಪದವನ್ನೇ ಇಟ್ಟರು. ಹಾಗಿರುವಾಗ 'ಕಡಸು ಹಾವು' ಎಂದರೆ ತಪ್ಪೇನು? ನನಗಂತೂ ಅದೇ ಸರಿಯಾಗಿ ಹೊಂದುತ್ತದೆ ಅನ್ನಿಸುತ್ತದೆ.

ಇಷ್ಟು ತಿಂಗಳಾದರೆ ಈ ಹೆಸರು ಅಂತ ಲೆಕ್ಕ ಇಲ್ಲ. ಹಾವಿನ ಮೈಬಿಸಿ ಹೊರಗಿನ ಬಿಸಿಲನ್ನೇ ನಂಬಿರುತ್ತದೆ. ಬಿಸಿಲು, ಆಹಾರ ಚೆನ್ನಾಗಿ ಸಿಕ್ಕಿದ್ದು ಬೇಗ ಬೆಳೆಯುತ್ತದೆ. ಒಂದೇ ಗೂಡಿನ ಎರಡು ಮರಿಗಳೂ ಒಂದೇ ಸಮ ಬೆಳೆಯಬೇಕೆಂದಿಲ್ಲ.

ಗಾತ್ರ ನೋಡಿ ಹೇಳೋಣ ಅಂದರೆ ಅದೂ ಕೈಕೊಡುತ್ತದೆ. ಹೂಕುಂಡದ ಮಣ್ಣು ಕೆದಕಿದಾಗ ಎರೆಹುಳದಂಥ ಕುರುಡು ಹಾವು ಸಿಗುತ್ತದಲ್ಲ, ಗೇಣುದ್ದವೂ ಇರುವುದಿಲ್ಲ. ಹಾವಿನ ಮರಿ ಅಂತ ಎಲ್ಲರೂ ಕೂಗುತ್ತಾರೆ. ಅದು ಗಂಡಿನ ನೆರವೇ ಇಲ್ಲದೆ ಮೊಟ್ಟೆ ಇಡುವ, ಪೂರ್ತಿ ಬೆಳೆದ ಹೆಣ್ಣು ಹಾವಾಗಿರಬಹುದು.