ಬಸ್ಸಿನಲ್ಲಿ ಕಂಡವರ ವಿಡಿಯೊ ಕೇಳದೆ ತೆಗೆಯಬಹುದಾ?

ಪ್ರಶ್ನೆ: ನಾನು ಧಾರವಾಡದಲ್ಲಿ ಓದುತ್ತಿದ್ದೇನೆ. ದಿನಾ ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಓಡಾಟ. ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ ಅಜ್ಜ, ಮೊಮ್ಮಗಳಿಗೆ ಜಡೆ ಹಾಕುತ್ತಿರುವ ಅಜ್ಜಿ, ಇಂಥದ್ದು ಕಂಡರೆ ಮೊಬೈಲ್‌ನಲ್ಲಿ ಹಿಡಿದು, ಹಾಡು ಸೇರಿಸಿ ರೀಲ್ಸ್ ಹಾಕುತ್ತೇನೆ. ಯಾರನ್ನೂ ಗೇಲಿ ಮಾಡುವುದಿಲ್ಲ. ಮೊದಲೇ ಕೇಳಿದರೆ ಅವರು ಸಹಜವಾಗಿ ಇರುವುದಿಲ್ಲ. ಕೇಳದೆ ತೆಗೆದರೆ ತಪ್ಪಾ?

ಉತ್ತರ: ತೆಗೆಯುವುದು ಬೇರೆ, ಊರಿಗೆಲ್ಲ ತೋರಿಸುವುದು ಬೇರೆ. ತೆಗೆಯುವ ಮುಂಚೆ ಕೇಳಿದರೆ ಆ ಗಳಿಗೆ ಕೆಡುತ್ತದೆ, ಒಪ್ಪಿದೆ. ಆದರೆ ತೆಗೆದ ಮೇಲೆ ಕೇಳುವುದಕ್ಕೆ ಏನು ಅಡ್ಡಿ?

ಕಾನೂನಿನ ಮಾತು ಮುಗಿಸಿಬಿಡೋಣ. ಬಸ್ಸಿನಲ್ಲಿ ಸುಮ್ನೆ ಕೂತವರ ವಿಡಿಯೊ ತೆಗೆಯುವುದೇ ಅಪರಾಧ ಎನ್ನುವ ನೇರ ಕಾಯ್ದೆ ನಮ್ಮಲ್ಲಿಲ್ಲ. ಹಾಗಂತ ಎಲ್ಲಕ್ಕೂ ರಹದಾರಿ ಇದೆ ಎಂದಲ್ಲ. ಒಪ್ಪಿಗೆಯಿಲ್ಲದೆ ಯಾರದೇ ಖಾಸಗಿ ಅಂಗದ ಚಿತ್ರ ತೆಗೆದರೆ ಅಥವಾ ಹಂಚಿದರೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಇ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೆಣ್ಣುಮಕ್ಕಳ ಮಾನಕ್ಕೆ ಕುಂದು ತರುವ ಉದ್ದೇಶದಿಂದ ಅವರ ಖಾಸಗಿತನಕ್ಕೆ ಕೈಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂ ಇದೆ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಮೆಟ್ರೊದಲ್ಲಿ ಹೆಣ್ಣುಮಕ್ಕಳನ್ನು ಕದ್ದು ಚಿತ್ರೀಕರಿಸಿ ಇನ್‌ಸ್ಟಾಗ್ರಾಂಗೆ ಹಾಕುತ್ತಿದ್ದ ಯುವಕನೊಬ್ಬನ ಬಂಧನವಾಯಿತು. ಆ ಹೆಣ್ಣುಮಕ್ಕಳು ಸುಮ್ಮನೆ ರೈಲಿನಲ್ಲಿ, ಪ್ಲಾಟ್‌ಫಾರ್ಮಿನಲ್ಲಿ ತಮ್ಮ ಪಾಡಿಗೆ ತಾವಿದ್ದವರು.

ಇನ್ನು, 'ಸಾರ್ವಜನಿಕ ಜಾಗಕ್ಕೆ ಬಂದ ಮೇಲೆ ಖಾಸಗಿತನ ಎಲ್ಲಿಯದು' ಎನ್ನುವವರಿದ್ದಾರೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. ಸಾರ್ವಜನಿಕ ಜಾಗದಲ್ಲಿ ಇದ್ದ ಮಾತ್ರಕ್ಕೆ ಅದು ಹೋಗುವುದಿಲ್ಲ ಎಂಬ ಮಾತೂ ಆ ತೀರ್ಪಿನಲ್ಲಿದೆ. ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ಅವರು ನಮ್ಮ ಕರ್ನಾಟಕ ಹೈಕೋರ್ಟಿನಿಂದಲೇ ನಿವೃತ್ತರಾದ ನ್ಯಾಯಮೂರ್ತಿ.

ಆದರೆ ನನಗೆ ಕಾನೂನಿಗಿಂತ ಜಾಸ್ತಿ ಕಾಡುವುದು ನಮ್ಮ ಅವಳಿ ನಗರದ ಅಳತೆ. ಮುಂಬೈ ಲೋಕಲ್‌ನಲ್ಲಿ ಕಂಡ ಮುಖವನ್ನು ಯಾರೂ ಗುರುತಿಸಲಿಕ್ಕಿಲ್ಲ. ಇಲ್ಲಿ ಹಾಗಲ್ಲ. ಚಿಗರಿ ಓಡುವುದು ಸುಮಾರು 22 ಕಿಲೊಮೀಟರ್. ಆ ದಾರಿಯಲ್ಲೇ ಕಿಮ್ಸ್ ಆಸ್ಪತ್ರೆ ಇದೆ, ನವನಗರದ ಕ್ಯಾನ್ಸರ್ ಆಸ್ಪತ್ರೆ ಇದೆ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಇದೆ. ನಿಮ್ಮ ಚೌಕಟ್ಟಿನಲ್ಲಿ ನಿದ್ದೆ ಹೋದ ಅಜ್ಜ ಮನೆಯವರಿಗೂ ಹೇಳದೆ ತಪಾಸಣೆಗೆ ಹೊರಟಿರಬಹುದು. ಹಿನ್ನೆಲೆಯಲ್ಲಿ ನಿಲ್ದಾಣದ ಹೆಸರೊಂದು ಕಂಡರೆ ಸಾಕು, ಸಂಜೆಯೊಳಗೆ ಅವರ ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ಸುದ್ದಿ ಮುಟ್ಟುತ್ತದೆ. ಗೆಳೆಯನ ಪಕ್ಕ ಕೂತ ಹುಡುಗಿ, ರಜೆ ಚೀಟಿ ಬರೆದು ಬೇರೆ ಕಡೆ ಸಂದರ್ಶನಕ್ಕೆ ಹೊರಟ ನೌಕರ, ಗಂಡನ ಮನೆ ಬಿಟ್ಟು ತವರಿಗೆ ಹೊರಟ ಹೆಂಗಸು, ಇವರೆಲ್ಲ ನಿಮ್ಮ ಕಣ್ಣಿಗೆ ಬರೀ ಚೆಂದದ ದೃಶ್ಯ. ನಿಮ್ಮ ಉದ್ದೇಶ ಒಳ್ಳೆಯದೇ ಇರಬಹುದು. ಪರಿಣಾಮ ಮಾತ್ರ ನಿಮ್ಮ ಕೈಯಲ್ಲಿಲ್ಲ, ಕೆಳಗೆ ಕಾಮೆಂಟ್ ಬರೆಯುವವರ ಕೈಯಲ್ಲಿದೆ.

'ಬಸ್ಸಿನಲ್ಲೇ ಸಿಸಿಟಿವಿ ಇರುತ್ತದಲ್ಲ' ಎಂದೂ ಕೆಲವರು ವಾದಿಸುತ್ತಾರೆ. ಇರಲಿ. ಅದರ ದೃಶ್ಯಕ್ಕೆ ಯಾರೂ ಹಾಡು ಸೇರಿಸಿ ಲೈಕ್ ಕೇಳುವುದಿಲ್ಲ, ಅಲ್ವಾ?

ಮುಖ ಮಸುಕು ಮಾಡಿದರೆ ಸಾಕೇ? ಸಾಲದು. ಇಳಕಲ್ ಸೀರೆಯ ಬಣ್ಣ, ಕೈಚೀಲ, ದನಿ, ಪಕ್ಕದಲ್ಲಿ ಕೂತ ಮೊಮ್ಮಗಳು, ಇಷ್ಟರಲ್ಲಿ ಪರಿಚಯದವರಿಗೆ ಗುರುತು ಸಿಗುತ್ತದೆ. ಹಿಂದಿನಿಂದ ತೆಗೆಯಿರಿ, ಕೈಗಳನ್ನಷ್ಟೇ ತೆಗೆಯಿರಿ. ಜಡೆ ಹೆಣೆಯುವ ಬೆರಳುಗಳೇ ಆ ದೃಶ್ಯದ ಜೀವ, ಮುಖ ಬೇಕಿಲ್ಲ. ಮಕ್ಕಳಿದ್ದರೆ ಅವರ ಹಿರಿಯರ ಒಪ್ಪಿಗೆ ಬೇಕೇ ಬೇಕು. ನಿದ್ದೆ ಹೋದವರು, ಅಳುತ್ತಿರುವವರು, ಹಾಲುಣಿಸುತ್ತಿರುವವರು, ಕುಡಿದವರು, ಇವರ ಕಡೆ ಕ್ಯಾಮೆರಾ ತಿರುಗಿಸಲೇಬೇಡಿ. ನಿಮ್ಮ ನಿದ್ದೆ ಹೋದ ಅಜ್ಜನೂ ಇದೇ ಸಾಲಿಗೆ ಬರುತ್ತಾರೆ.

ಒಂದು ಸಂದರ್ಭ ಮಾತ್ರ ಬೇರೆ. ಯಾರೋ ಹುಡುಗಿಯನ್ನು ಸತಾಯಿಸುತ್ತಿದ್ದರೆ, ಜಗಳ ಹೊಡೆದಾಟಕ್ಕೆ ತಿರುಗಿದರೆ, ಮೊದಲು 112ಕ್ಕೆ ಫೋನ್ ಮಾಡಿ. ರೈಲಿನಲ್ಲಾದರೆ 139. ಆಮೇಲೆ ವಿಡಿಯೊ ತೆಗೆಯಿರಿ, ಕೇಳಬೇಕಿಲ್ಲ. ಅದು ಸಾಕ್ಷಿ. ಆದರೆ ಪೊಲೀಸರಿಗೆ ಕೊಡಿ, ರೀಲ್ಸ್‌ಗೆ ಹಾಕಬೇಡಿ. ಕಾಟ ಕೊಟ್ಟವನಿಗಿಂತ ಕಾಟ ತಿಂದವಳ ಮುಖವೇ ಹೆಚ್ಚು ದಿನ ಓಡಾಡುತ್ತದೆ.

ಕೇಳುವುದು ಹೇಗೆ ಎಂದರೆ, ನಮ್ಮ ಕಡೆ ಅದೇನು ಕಷ್ಟವಲ್ಲ. ಪಕ್ಕಕ್ಕೆ ಹೋಗಿ, ಮೊಬೈಲ್ ತೋರಿಸಿ: “ಅಮ್ಮಾರ, ನಿಮ್ದೊಂದು ವಿಡಿಯೊ ತಗದೇನ್ರಿ, ಭಾಳ ಚಂದ ಬಂದೈತಿ. ನೋಡ್ರಿ, ಇನ್‌ಸ್ಟಾಗ್ರಾಂಗೆ ಹಾಕಲೇನ್ರಿ? ಎಲ್ಲಾರೂ ನೋಡ್ತಾರ್ರಿ.” ಕೊನೆಯ ಮಾತು ಬಿಡಬೇಡಿ, ಎಲ್ಲಿಗೆ ಹೋಗುತ್ತದೆಂದು ತಿಳಿಯದೆ ಹೂಂ ಎಂದರೆ ಅದು ಒಪ್ಪಿಗೆಯಲ್ಲ. ಹೆಚ್ಚಿನವರು ನಕ್ಕು “ಹಾಕ್ಕೋ ತಮ್ಮಾ” ಎನ್ನುತ್ತಾರೆ. ಕೆಲವರು “ಬ್ಯಾಡ ಬಿಡಪಾ” ಎನ್ನುತ್ತಾರೆ. ಕಾರಣ ಕೇಳಬೇಡಿ. ಅವರ ಎದುರೇ ಅಳಿಸಿ. ಗ್ಯಾಲರಿಯಿಂದ ಹೋದದ್ದು ಫೋನಿನ ಕಸದ ಬುಟ್ಟಿಯಲ್ಲಿ ಇನ್ನೂ ಕೂತಿರುತ್ತದೆ. ಅಲ್ಲಿಂದಲೂ ತೆಗೆದು ತೋರಿಸಿ.