ಎಷ್ಟು ಎಕ್ಸ್ ಇರುವ ದುರ್ಬೀನು ಕೊಳ್ಳಬೇಕು?

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಮುಂದಿನ ತಿಂಗಳು ಊರಿಗೆ ಬರುತ್ತಿದ್ದಾನೆ. ಹಕ್ಕಿ ನೋಡಲು, ಸಫಾರಿಗೆ ಹೋದಾಗ ಬಳಸಲು ಒಂದು ಒಳ್ಳೆಯ ಬೈನಾಕ್ಯುಲರ್ ತರಿಸಬೇಕೆಂದಿದ್ದೇನೆ. ಅಲ್ಲಿ ‘ಹಂಟಿಂಗ್ ಬೈನಾಕ್ಯುಲರ್’ ಎಂದು 8×42, 10×42, 12×50, 20×50 ಹೀಗೆ ಹಲವು ಬಗೆ ಸಿಗುತ್ತವಂತೆ. ದುಡ್ಡು ಕೊಡುವುದೇ ಆದರೆ ಹೆಚ್ಚು ಎಕ್ಸ್ ಇರುವುದನ್ನೇ ತರಿಸಬಹುದಲ್ಲವೇ?

ಉತ್ತರ: ಬೇಡ. 8×42 ತರಿಸಿ.

ಉತ್ತರ ಇಲ್ಲಿಗೇ ಮುಗಿಯಬೇಕು. ಆದರೆ ಒಂದೇ ಸಾಲಿನಲ್ಲಿ ಹೇಳಿದಾಗಲೆಲ್ಲ ಮರುಪ್ರಶ್ನೆ ಬರುತ್ತದೆ: ‘ನೀವು ಹೇಳುವುದು ಸರಿ ಸ್ವಾಮಿ, ಆದರೂ 20 ಎಕ್ಸ್ ಇದ್ದರೆ ಇನ್ನೂ ಚೆನ್ನಾಗಿ ಕಾಣುತ್ತದಲ್ಲ?’ ಇದನ್ನು ಇನ್ನೊಮ್ಮೆ ಬರೆಯುವ ತಾಳ್ಮೆ ನನಗಿಲ್ಲ. ಆದ್ದರಿಂದ ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಮೊದಲು ಆ ‘ಹಂಟಿಂಗ್’ ಹಣೆಪಟ್ಟಿಯ ವಿಚಾರ ಮುಗಿಸೋಣ. ಅಮೆರಿಕ, ಜರ್ಮನಿ, ಆಸ್ಟ್ರಿಯಾಗಳಲ್ಲಿ ಪರವಾನಗಿ ಪಡೆದು ಜಿಂಕೆ, ಹಂದಿ ಬೇಟೆಯಾಡುವವರು ದುರ್ಬೀನು ಕಂಪನಿಗಳ ದೊಡ್ಡ ಗಿರಾಕಿಗಳು. ಅದಕ್ಕೇ ಅಲ್ಲಿನ ಅಂಗಡಿಯವರು ಬೇಟೆಯ ಹೆಸರಿನಲ್ಲಿ ಮಾರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಆ ಮಾತಿಗೆ ಜಾಗವಿಲ್ಲ. ದುರ್ಬೀನಿನ ಒಳಗಿನ ಗಾಜು ಮಾತ್ರ ಎರಡೂ ಕಡೆ ಒಂದೇ. ಹೊರಗಿನ ರಬ್ಬರ್ ಹೊದಿಕೆಯ ಮೇಲೆ ಎಲೆ ಕೊಂಬೆಗಳ ಚಿತ್ತಾರ ಇರಬಹುದು, ಅಷ್ಟೆ. ಅಂಥದ್ದನ್ನು ಹಿಡಿದುಕೊಂಡು ನಾಗರಹೊಳೆಗೆ ಹೋದರೆ ಅರಣ್ಯ ಇಲಾಖೆಯವರು ಹಿಡಿಯುತ್ತಾರೆಯೇ ಎಂದು ಕೇಳಿದವರೂ ಇದ್ದಾರೆ. ಹಿಡಿಯುವುದಿಲ್ಲ.

ಇನ್ನು ಅಂಕಿಗಳು. 8×42 ಎಂದರೆ ವಸ್ತು ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂಭಾಗದ ಮಸೂರದ ವ್ಯಾಸ 42 ಮಿಲಿಮೀಟರ್. ನೂರು ಮೀಟರ್ ದೂರದ ಕಾಟಿ ಹನ್ನೆರಡೂವರೆ ಮೀಟರ್ ದೂರದಲ್ಲಿ ನಿಂತಂತೆ ಕಾಣುತ್ತದೆ. 10 ಎಕ್ಸ್ ಆದರೆ ಹತ್ತು ಮೀಟರ್. ಎರಡರ ನಡುವಿನ ವ್ಯತ್ಯಾಸ ಎರಡೂವರೆ ಮೀಟರ್ ಮಾತ್ರ. ಜನ ಜಗಳವಾಡುವುದು ಇದಕ್ಕೆ.

‘ಹೆಚ್ಚು ಎಕ್ಸ್ ಎಂದರೆ ಹೆಚ್ಚು ಒಳ್ಳೆಯದು’ ಎಂಬ ನಂಬಿಕೆ ಎಲ್ಲಿಂದ ಬಂತು ಎಂದರೆ ನನ್ನ ಗುಮಾನಿ ಮೊಬೈಲ್ ಮತ್ತು ಕ್ಯಾಮೆರಾ ಜಾಹೀರಾತುಗಳ ಮೇಲೆ. ‘ನೂರು ಎಕ್ಸ್ ಜೂಮ್’ ಎಂಬ ಮಾತು ಕೇಳಿ ಕೇಳಿ, ಎಂಟು ಎನ್ನುವುದು ಬಡವರ ಸಂಖ್ಯೆಯಂತೆ ಕೇಳಿಸುತ್ತಿದೆ. ಆದರೆ ಕ್ಯಾಮೆರಾದ ಎಕ್ಸ್ ಬೇರೆ, ದುರ್ಬೀನಿನ ಎಕ್ಸ್ ಬೇರೆ. ಕ್ಯಾಮೆರಾದಲ್ಲಿ ಅದು ಮಸೂರದ ಅತಿ ಉದ್ದದ ನಾಭಿದೂರವನ್ನು (ಫೋಕಲ್ ಲೆಂತ್) ಅತಿ ಗಿಡ್ಡ ನಾಭಿದೂರದಿಂದ ಭಾಗಿಸಿದಾಗ ಬರುವ ಅನುಪಾತ. 24ರಿಂದ 720 ಮಿಲಿಮೀಟರ್‌ವರೆಗೆ ಹೋಗುವ ಕ್ಯಾಮೆರಾವನ್ನು ‘30 ಎಕ್ಸ್’ ಎನ್ನುತ್ತಾರೆ. ಬರಿಗಣ್ಣಿನ ನೋಟಕ್ಕೆ ಹತ್ತಿರವೆನ್ನುವ 50 ಮಿಲಿಮೀಟರ್ ಮಸೂರದ ಲೆಕ್ಕ ಹಿಡಿದರೆ ಅದು ಹದಿನಾಲ್ಕು ಪಟ್ಟು ಆಗುತ್ತದೆ. ಹೀಗಿರುವಾಗ ಎರಡು ಎಕ್ಸ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದರಲ್ಲಿ ಅರ್ಥವೇ ಇಲ್ಲ.

ಎಕ್ಸ್ ಹೆಚ್ಚಿದಷ್ಟೂ ಹಕ್ಕಿ ದೊಡ್ಡದಾಗುತ್ತದೆ, ನಿಜ. ಆದರೆ ಅದರ ಜೊತೆಗೆ ನಿಮ್ಮ ಕೈನಡುಕವೂ ದೊಡ್ಡದಾಗುತ್ತದೆ. ಎಲ್ಲರ ಕೈಯೂ ನಡುಗುತ್ತದೆ. ಅದು ವಯಸ್ಸಿನ ದೋಷವಲ್ಲ, ಉಸಿರಾಟ ಮತ್ತು ನಾಡಿಯ ಕೆಲಸ. ಎಂಟು ಪಟ್ಟಿಗೆ ಅದನ್ನು ಸಹಿಸಬಹುದು. ಹತ್ತಕ್ಕೆ ಹೆಚ್ಚಿನವರು ಅಭ್ಯಾಸದಿಂದ ಒಗ್ಗಿಕೊಳ್ಳುತ್ತಾರೆ. ಹನ್ನೆರಡಕ್ಕೆ ತೊಂದರೆ ಶುರುವಾಗುತ್ತದೆ. ಹದಿನೈದು ದಾಟಿತೆಂದರೆ ಟ್ರೈಪಾಡ್ ಬೇಕೇ ಬೇಕು. ಸಫಾರಿ ಜೀಪಿನಲ್ಲಿ ಎಂಜಿನ್ ಓಡುತ್ತಿರುವಾಗ 20 ಎಕ್ಸ್ ಹಿಡಿದವರಿಗೆ ಕಾಣುವುದು ಚಿರತೆಯಲ್ಲ, ಅಲುಗಾಡುವ ಹಳದಿ ಬಣ್ಣ. ಬಯಲುಸೀಮೆಯ ಮಧ್ಯಾಹ್ನದಲ್ಲಿ ಇನ್ನೊಂದು ಕಾಟವಿದೆ: ನೆಲದಿಂದ ಏಳುವ ಬಿಸಿಗಾಳಿಯ ಅಲೆಗಳೂ ಇಪ್ಪತ್ತು ಪಟ್ಟಾಗುತ್ತವೆ. ಅದಕ್ಕೆ ಟ್ರೈಪಾಡೂ ಮದ್ದಲ್ಲ.

ಎರಡನೆಯದು ನೋಟದ ಹರವು. ಒಳ್ಳೆಯ 8×42ನಲ್ಲಿ ಸಾವಿರ ಮೀಟರ್ ದೂರದಲ್ಲಿ ಸುಮಾರು 130 ಮೀಟರ್ ಅಗಲದ ದೃಶ್ಯ ಕಾಣುತ್ತದೆ. 20×50ರಲ್ಲಿ ಅದು 60 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಸಾವಿರ ಮೀಟರ್ ಬಿಡಿ, ಮನೆಯೆದುರಿನ ಬಸರಿ ಮರದ ಲೆಕ್ಕ ಹಾಕಿ. ಇಪ್ಪತ್ತು ಮೀಟರ್ ದೂರದ ಆ ಮರದಲ್ಲಿ ಮೊದಲನೆಯದು ಎರಡೂವರೆ ಮೀಟರಿಗಿಂತ ಅಗಲವಾದ ಹಸಿರನ್ನು ತೋರಿಸಿದರೆ, ಎರಡನೆಯದು ತೋರಿಸುವುದು ಒಂದು ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಉಲಿಯಕ್ಕಿಯೋ ಬೆಳ್ಗಣ್ಣವೋ ಒಂದು ಕೊಂಬೆಯಲ್ಲಿ ಮೂರು ಸೆಕೆಂಡು ಕೂರುವ ಜೀವ. 20 ಎಕ್ಸ್‌ನಲ್ಲಿ ಅದನ್ನು ಹುಡುಕುವುದೆಂದರೆ ಬೀಗದ ಕಿಂಡಿಯಿಂದ ಇಣುಕಿ ಮದುವೆ ಛತ್ರದಲ್ಲಿ ಮದುಮಗನನ್ನು ಪತ್ತೆ ಮಾಡಿದಂತೆ. ಅದು ಸಿಕ್ಕುವಷ್ಟರಲ್ಲಿ ಹಕ್ಕಿ ಪಕ್ಕದ ತೋಟಕ್ಕೆ ಹಾರಿರುತ್ತದೆ.

ಮೂರನೆಯದು ಬೆಳಕು. ಇದು ಯಾರಿಗೂ ಬೇಡವಾದ ಪಾಠ, ನನಗೆ ಅತ್ಯಂತ ಪ್ರಿಯವಾದದ್ದು. ದುರ್ಬೀನನ್ನು ಕಣ್ಣಿನಿಂದ ಒಂದಡಿ ದೂರ ಹಿಡಿದು ಬೆಳಗಿನ ಆಕಾಶದತ್ತ ತಿರುಗಿಸಿ (ಸೂರ್ಯನತ್ತ ಖಂಡಿತ ಬೇಡ). ಕಣ್ಣಿಡುವ ಗಾಜಿನಲ್ಲಿ ಒಂದು ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ. ನಿಮ್ಮ ಕಣ್ಣಿಗೆ ತಲುಪುವ ಬೆಳಕೆಲ್ಲ ಅದರೊಳಗಿನದು. ಮಸೂರದ ವ್ಯಾಸವನ್ನು ಎಕ್ಸ್‌ನಿಂದ ಭಾಗಿಸಿದರೆ ಅದರ ಅಗಲ ಸಿಗುತ್ತದೆ: 8×42ಕ್ಕೆ 5.25 ಮಿಲಿಮೀಟರ್, 10×42ಕ್ಕೆ 4.2, 20×50ಕ್ಕೆ 2.5. ಹಗಲಿನ ಬಿಸಿಲಿನಲ್ಲಿ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುವುದರಿಂದ ಯಾವ ದುರ್ಬೀನಾದರೂ ಹೊಳಪಾಗಿಯೇ ಕಾಣುತ್ತದೆ. ಅಂಗಡಿಯ ದೀಪದ ಕೆಳಗೆ ಮೋಸ ಹೋಗುವುದು ಹೀಗೆ. ಕತ್ತಲಾದಂತೆ ಪಾಪೆ ಹಿಗ್ಗುತ್ತದೆ; ಹರೆಯದಲ್ಲಿ ಏಳು ಮಿಲಿಮೀಟರ್‌ವರೆಗೆ, ಐವತ್ತು ದಾಟಿದವರಲ್ಲಿ ಸುಮಾರಾಗಿ ಐದರವರೆಗೆ. ಆಗ ಎರಡೂವರೆ ಮಿಲಿಮೀಟರಿನ ಬಿಲ್ಲೆ ಸಾಲುವುದೇ ಇಲ್ಲ.

ಬಳ್ಳಾರಿ ಸೀಮೆಯ ದರೋಜಿಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಕರಡಿಗಳು ಬಂಡೆಗಳ ಸಂದಿಯಿಂದ ಇಳಿಯುವುದು ಸಂಜೆ. ನೀವು ಕುಳಿತಿರುವುದು ದೂರದ ವೀಕ್ಷಣಾ ಗೋಪುರದಲ್ಲಿ. ಕಪ್ಪು ಪ್ರಾಣಿ, ಬಂಡೆಯ ನೆರಳು, ಮುಳುಗುವ ಹೊತ್ತು. 8×42 ಹಿಡಿದವರು ತಾಯಿಯ ಬೆನ್ನ ಮೇಲಿನ ಮರಿಯನ್ನು ಎಣಿಸುತ್ತಿರುವಾಗ ‘30 ಎಕ್ಸ್’ನವರು ‘ಎಲ್ಲಿ, ಎಲ್ಲಿ’ ಎನ್ನುತ್ತಿರುತ್ತಾರೆ. ಮಲೆನಾಡಿನ ದಟ್ಟ ಕಾಡಿನಲ್ಲಂತೂ ಮಳೆಗಾಲದ ಮಧ್ಯಾಹ್ನವೂ ಸಂಜೆಯೇ.

ಇಲ್ಲಿ ಓದಿಕೊಂಡವರು ಒಂದು ಸೂತ್ರ ಹಿಡಿದು ಬರುತ್ತಾರೆ. ಎಕ್ಸ್ ಮತ್ತು ವ್ಯಾಸವನ್ನು ಗುಣಿಸಿ ವರ್ಗಮೂಲ ತೆಗೆಯಿರಿ, ಅದೇ ಮಬ್ಬು ಬೆಳಕಿನ ಸಾಮರ್ಥ್ಯದ ಅಂಕ, ಹೆಚ್ಚಿದ್ದಷ್ಟೂ ಒಳ್ಳೆಯದು. ಬೇಟೆಗಾರರ ಕೈಪಿಡಿಗಳಲ್ಲಿ ಈ ಸೂತ್ರವಿದೆ. ಸುಳ್ಳೇನಲ್ಲ, ಮಬ್ಬಿನಲ್ಲಿ ವಿವರ ಗುರುತಿಸಲು ದೊಡ್ಡದು ಮಾಡಿ ತೋರಿಸುವುದೂ ಕೊಂಚ ನೆರವಾಗುತ್ತದೆ. ಆದರೆ ಅದನ್ನು ಕಣ್ಣುಮುಚ್ಚಿ ನಂಬಿದರೆ 8×56ಕ್ಕೆ 21 ಅಂಕ, 30×60ಕ್ಕೆ 42 ಅಂಕ ಬರುತ್ತದೆ. ಮೊದಲನೆಯದರ ಬೆಳಕಿನ ಬಿಲ್ಲೆ ಏಳು ಮಿಲಿಮೀಟರ್, ಎರಡನೆಯದರದ್ದು ಎರಡು. ಬೆಳದಿಂಗಳಲ್ಲಿ ಅಟ್ಟಣೆಯ ಮೇಲೆ ಕುಳಿತು ಕಾಡುಹಂದಿಗೆ ಕಾಯುವ ಜರ್ಮನ್ ಬೇಟೆಗಾರ ಕೊಳ್ಳುವುದು 8×56ನ್ನು. ಅಮೆರಿಕದ ಪಶ್ಚಿಮದ ಬಯಲು ಬೆಟ್ಟಗಳಲ್ಲಿ ಅಲೆಯುವವನ ಕೊರಳಲ್ಲಿ ಸಾಮಾನ್ಯವಾಗಿ ಇರುವುದು 10×42. ಹದಿನೈದು ಎಕ್ಸ್ ಬೇಕಾದರೆ ಅವನು ಟ್ರೈಪಾಡ್ ಹೊತ್ತುಕೊಂಡೇ ಹೋಗುತ್ತಾನೆ. ಗುರಿ ತಪ್ಪಿದರೆ ಅಂದಿನ ದಿನವೇ ವ್ಯರ್ಥವಾಗುವ ಆ ಜನ 30 ಎಕ್ಸ್‌ನ್ನು ಕೈಯಲ್ಲಿ ಹಿಡಿಯುವುದಿಲ್ಲ. ತಿಪಟೂರಿನಲ್ಲಿ ಕುಳಿತು ಕಳ್ಳಿಪೀರ ನೋಡುವ ನಮಗೆ ಅದು ಏಕೆ ಬೇಕು?

ಅದಕ್ಕಿಂತ ದೊಡ್ಡ ತಮಾಷೆ ಏನೆಂದರೆ, ಅಗ್ಗದಲ್ಲಿ ಸಿಗುವ ‘30×60’ಗಳಲ್ಲಿ ಬಹಳಷ್ಟು 30 ಎಕ್ಸೂ ಅಲ್ಲ, 60 ಮಿಲಿಮೀಟರೂ ಅಲ್ಲ. ಓದುಗರೊಬ್ಬರು ಹೆಮ್ಮೆಯಿಂದ ತಂದು ತೋರಿಸಿದ ಮಡಚುವ ದುರ್ಬೀನಿನ ಮುಂಭಾಗದ ಮಸೂರಕ್ಕೆ ಅವರ ಮೊಮ್ಮಗಳ ಜಾಮಿಟ್ರಿ ಪೆಟ್ಟಿಗೆಯ ಸ್ಕೇಲ್ ಇಟ್ಟೆವು. 22 ಮಿಲಿಮೀಟರ್! ಬೆಳಕಿನ ಬಿಲ್ಲೆ ಮೂರು ಮಿಲಿಮೀಟರಿಗಿಂತ ತುಸು ಕಡಿಮೆ. ಭಾಗಿಸಿದರೆ ಎಂಟು ಎಕ್ಸ್‌ನ ಸುತ್ತಮುತ್ತ. ಅಂದರೆ ಅವರು ತಿಳಿಯದೆಯೇ ನನ್ನ ಮಾತು ಕೇಳಿ ಎಂಟನ್ನೇ ಕೊಂಡಿದ್ದರು, ಮಸೂರ ಮಾತ್ರ ಅರ್ಧದಷ್ಟಿತ್ತು. ಈ ಪರೀಕ್ಷೆಯನ್ನು ನೀವೂ ಮಾಡಿ. ಮುದ್ರಿಸಿದ ಅಂಕಿಗಿಂತ ಸ್ಕೇಲನ್ನು ನಂಬಿ. ಹಾಗೆಯೇ ‘10-30×50 ಜೂಮ್’ ಎನ್ನುವವನ್ನೂ ದೂರವಿಡಿ. ಎರಡು ಕೊಳವೆಗಳು ಜೂಮ್ ಆಗುವಾಗ ಒಂದೇ ಸಾಲಿನಲ್ಲಿ ಉಳಿಯುವುದು ಕಷ್ಟ. ಸ್ವಲ್ಪ ತಪ್ಪಿದರೂ ತಲೆನೋವು ಗ್ಯಾರಂಟಿ. ಕೆಂಪಗೆ ಹೊಳೆಯುವ ‘ರೂಬಿ’ ಗಾಜು ಕಂಡರೆ ಮುಟ್ಟಲೇಬೇಡಿ. ಗಾಜು ಕೆಂಪಗೆ ಹೊಳೆಯುತ್ತದೆ ಎಂದರೆ ಕೆಂಪು ಬೆಳಕನ್ನು ನಿಮಗೆ ಕೊಡದೆ ಹೊರಗೆ ಓಡಿಸುತ್ತಿದೆ ಎಂದರ್ಥ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಗಾಜಿಗೆ ಲೇಪವಿಲ್ಲದಿದ್ದರೆ ಪ್ರತಿ ಮೇಲ್ಮೈಯಲ್ಲೂ ಸುಮಾರು ಶೇಕಡಾ 4ರಷ್ಟು ಬೆಳಕು ಸೋರಿಹೋಗುತ್ತದೆ. ಹತ್ತು ಮೇಲ್ಮೈ ದಾಟುವಷ್ಟರಲ್ಲಿ ಮೂರನೇ ಒಂದು ಭಾಗ ನಾಪತ್ತೆ. ಆದ್ದರಿಂದ ‘ಫುಲ್ಲಿ ಮಲ್ಟಿಕೋಟೆಡ್’ (ಎಲ್ಲ ಮೇಲ್ಮೈಗೂ ಹಲವು ಪದರ ಲೇಪ) ಎಂಬ ಮಾತು ಇರಲೇಬೇಕು. ಪ್ರಿಸಂ, ಅಂದರೆ ಒಳಗೆ ಬೆಳಕನ್ನು ತಿರುಗಿಸುವ ಗಾಜಿನ ತುಂಡು, ಬಿಎಕೆ-4 ಎಂಬ ಬಗೆಯ ಗಾಜಿನದಿರಲಿ. ಕನ್ನಡಕ ಹಾಕುವವರು ಕಣ್ಣಿಗೂ ಗಾಜಿಗೂ ನಡುವೆ ಕನಿಷ್ಠ 15 ಮಿಲಿಮೀಟರ್ ಅಂತರ ಸಿಗುವುದನ್ನು ಆರಿಸಿ, ಕಣ್ಣಿಡುವ ಕಡೆಯ ರಬ್ಬರ್ ಬಟ್ಟಲನ್ನು ಕೆಳಗಿಳಿಸಿ ನೋಡಬೇಕು. ಬಜೆಟ್ ಬಿಗಿಯಾಗಿದ್ದರೆ ಹಳೆಯ ಕಾಲದ ಅಗಲ ಭುಜದ ಪೋರೋ ಮಾದರಿಯೇ ಲಾಭ. ನೇರ ಕೊಳವೆಯ ರೂಫ್ ಮಾದರಿಯಲ್ಲಿ ಅದೇ ಗುಣಮಟ್ಟಕ್ಕೆ ಹೆಚ್ಚು ತೆರಬೇಕು. ಝೈಸ್, ಸ್ವರೋವ್‌ಸ್ಕಿ, ಲೈಕಾ ಕಂಪನಿಗಳ ಮೇಲ್ದರ್ಜೆಯವು ಲಕ್ಷ ದಾಟುತ್ತವೆ. ಮಗ ಕೊಡಿಸುವುದಾದರೆ ನಾನು ಬೇಡ ಎನ್ನುವವನಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲದ ಹೆಬ್ಬಾತುಗಳನ್ನು ದಂಡೆಯಿಂದ ಎಣಿಸುವವರಿಗೆ ಮಾತ್ರ ಎಂಟು ಸಾಲದು, ನಿಜ. ಅವರಿಗೆ ಬೇಕಾದದ್ದು ಟ್ರೈಪಾಡಿನ ಮೇಲಿನ ಸ್ಪಾಟಿಂಗ್ ಸ್ಕೋಪ್, ಅಂದರೆ ಒಂಟಿ ಕೊಳವೆಯ ದೂರದರ್ಶಕ. ಕೊಕ್ಕರೆ ಬೆಳ್ಳೂರಿಗೆ ಏನೂ ಬೇಡ, ಹೆಜ್ಜಾರ್ಲೆ ನಿಮ್ಮ ತಲೆಯ ಮೇಲೆಯೇ ಇರುತ್ತದೆ.

ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ತಂದ ಮೇಲೆ ಎಲ್ಲಿಡಬೇಕು? ನಮ್ಮಲ್ಲಿ ದುರ್ಬೀನು ಬಿದ್ದು ಹಾಳಾಗುವುದಕ್ಕಿಂತ ಬೂಷ್ಟು ಹಿಡಿದು ಹಾಳಾಗುವುದೇ ಹೆಚ್ಚು, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಸಕಲೇಶಪುರ, ಮಡಿಕೇರಿ ಕಡೆ. ಅದರ ಜೊತೆ ಬಂದ ಚೆಂದದ ಚರ್ಮದ ಚೀಲದಲ್ಲಿ ಹಾಕಿ ಬೀರುವಿನೊಳಗೆ ಇಡುತ್ತಾರೆ. ಚರ್ಮ ತೇವ ಹೀರುತ್ತದೆ, ಬೀರು ಕತ್ತಲು, ಬೂಷ್ಟಿಗೆ ಇದಕ್ಕಿಂತ ಬೇರೆ ಮನೆ ಬೇಡ. ದೀಪಾವಳಿಗೆ ತೆಗೆದು ನೋಡಿದರೆ ಗಾಜಿನೊಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು. ಅವು ಲೇಪವನ್ನೇ ಕೊರೆದುಬಿಡುತ್ತವೆ. ಆಮೇಲೆ ಒರೆಸಿದರೂ ಗುರುತು ಉಳಿಯುತ್ತದೆ.

ಸಾರಜನಕ ತುಂಬಿ ಬಿಗಿಯಾಗಿ ಮುಚ್ಚಿದ ದುರ್ಬೀನನ್ನೇ ತರಿಸಿ. ಮಳೆನಾಡಿನವರಿಗೆ ಇದು ಶೋಕಿಯಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಹೀರಿ ತುಂಬಿದೆ ಎಂದರ್ಥ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು, ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ತೇವಮಾಪಕವೂ ಬೇಕೆನ್ನುವ ಶಿಸ್ತಿನವರು ಶೇಕಡಾ 40ರಿಂದ 50ರ ನಡುವೆ ಇಟ್ಟುಕೊಂಡರೆ ಸಾಕು. ಅಕ್ಕಿ ಡಬ್ಬದಲ್ಲಿ ಹೂತಿಡುವ ಉಪಾಯವನ್ನು ಯಾರು ಹಬ್ಬಿಸಿದರೋ ತಿಳಿಯದು. ಅದರಿಂದ ಸಿಗುವುದು ಫೋಕಸ್ ಚಕ್ರದ ಸಂದಿಯಲ್ಲಿ ಅಕ್ಕಿಯ ಹಿಟ್ಟು. ಬೂಷ್ಟು ಕಂಡಾಗಲೇ ಸ್ಕ್ರೂಡ್ರೈವರ್ ಹಿಡಿದು ನೀವೇ ಬಿಚ್ಚಲು ಹೋಗಬೇಡಿ. ಪ್ರಿಸಂ ಕೂದಲೆಳೆಯಷ್ಟು ಸರಿದರೂ ಎರಡು ಕಣ್ಣಿಗೆ ಎರಡು ಹಕ್ಕಿ ಕಾಣುತ್ತವೆ, ಮತ್ತೆ ಒಂದಾಗಿಸಲು ದುರಸ್ತಿಯವರು ಕೇಳುವ ಹಣಕ್ಕೆ ಒಂದು ಹೊಸ ಪೋರೋ ಬಂದರೂ ಬರಬಹುದು.