ರೋರೋಸ್ ಚರ್ಚ್: ಗೋಪುರದ ಮೇಲಿನ ಆ ಚಿಹ್ನೆ ಹೆಣ್ಣಿನದಲ್ಲ

ವಿಶ್ವ ಪರಂಪರೆಯ ತಾಣಗಳನ್ನು ಓದುವಾಗ ನಾರ್ವೆಯ ರೋರೋಸ್ ಎಂಬ ಗಣಿ ಊರಿನಲ್ಲಿ ಎರಡು ದಿನ ಸಿಕ್ಕಿಹಾಕಿಕೊಂಡೆ. ಅದೂ ಒಂದೇ ಒಂದು ಚಿತ್ರದಿಂದ. ಈಗ ಗಂಟು ಬಿಚ್ಚಿದೆ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಇಸವಿಗಳನ್ನು ಬೇಗ ಮುಗಿಸೋಣ. 1644ರಲ್ಲಿ ತಾಮ್ರದ ಕಂಪನಿ ಶುರು. ಹಿಮಸಾರಂಗವೊಂದು ಗೊರಸಿನಿಂದ ಕೆರೆದಾಗ ಅದಿರು ಕಂಡಿತು ಅನ್ನೋದು ಅಲ್ಲಿನ ಕಥೆ. 1650ರಲ್ಲಿ ಮೊದಲ ಚರ್ಚ್, ಮರದ್ದು. 1678 ಮತ್ತು 1679ರಲ್ಲಿ ಸ್ವೀಡನ್ ಸೈನ್ಯ ಊರಿಗೆ ಬೆಂಕಿ ಇಟ್ಟಿತು. ಈಗಿರುವ ಕಲ್ಲಿನ ಚರ್ಚ್ 1784ರದ್ದು. 1977ರಲ್ಲಿ ಕಂಪನಿ ದಿವಾಳಿ, 1980ರಲ್ಲಿ ಯುನೆಸ್ಕೊ ಪಟ್ಟಿ. ಶುರುವಿನಿಂದ ದಿವಾಳಿಯವರೆಗೆ ಲೆಕ್ಕ ಹಾಕಿದರೆ ಸರಿಯಾಗಿ 333 ವರ್ಷ. ಇದೊಂದು ನೆನಪಿದ್ದರೆ ಸಾಕು, ಒಂದು ಇಸವಿ ಮರೆತರೂ ಇನ್ನೊಂದರಿಂದ ತೆಗೆಯಬಹುದು.

ಈಗ ನಾನು ಎಡವಿದ ಜಾಗ. ಚರ್ಚ್ ಗೋಪುರದ ಬಿಳಿ ಗೋಡೆಯ ಮೇಲೆ ದೊಡ್ಡದಾಗಿ ಒಂದು ಚಿಹ್ನೆ ಇದೆ. ಮೇಲೊಂದು ವೃತ್ತ, ಅದರ ಕೆಳಗೆ ಕೂಡಿಸುವ ಗುರುತು, ಜೊತೆಗೆ ಅಡ್ಡಡ್ಡ ಇಟ್ಟ ಗಣಿ ಸುತ್ತಿಗೆಗಳು. ಜೀವಶಾಸ್ತ್ರದಲ್ಲಿ ಹೆಣ್ಣಿಗೆ ಹಾಕುವ ಗುರುತು ಇದೇ ಅಲ್ವಾ? ಹಾಗಾಗಿ ನಾನು ಇದು ಮೇರಿಯ ಚರ್ಚ್ ಇರಬೇಕು ಅಂತ ನೋಟ್ಸ್‌ನಲ್ಲಿ ಬರೆದೂ ಬಿಟ್ಟೆ. ಪೂರ್ತಿ ತಪ್ಪು. ಅದು ತಾಮ್ರದ ಗುರುತು, ಅಂದರೆ ಕಂಪನಿಯ ಮುದ್ರೆ.

ತಾಮ್ರಕ್ಕೂ ಆ ಗುರುತಿಗೂ ಏನು ಸಂಬಂಧ? ಯುರೋಪಿನ ರಸವಾದಿಗಳು ಏಳು ಲೋಹಗಳನ್ನು ಆಕಾಶದ ಏಳು ಕಾಯಗಳಿಗೆ ಜೋಡಿಸಿದ್ದರು. ಚಿನ್ನ ಸೂರ್ಯನಿಗೆ, ಬೆಳ್ಳಿ ಚಂದ್ರನಿಗೆ, ಕಬ್ಬಿಣ ಮಂಗಳನಿಗೆ, ತಾಮ್ರ ಶುಕ್ರನಿಗೆ. ಶುಕ್ರ ಅಂದರೆ ಅವರಿಗೆ ವೀನಸ್ ದೇವತೆ, ಆಕೆಯ ದ್ವೀಪ ಸೈಪ್ರಸ್, ಹಳೇ ಕಾಲದಲ್ಲಿ ತಾಮ್ರಕ್ಕೆ ಹೆಸರಾಗಿದ್ದ ಜಾಗವೂ ಅದೇ. ತಾಮ್ರದ ಲ್ಯಾಟಿನ್ ಹೆಸರು ‘ಕ್ಯುಪ್ರಮ್’ ಬಂದಿದ್ದು ಈ ಸೈಪ್ರಸ್‌ನಿಂದಲೇ. ನನಗೆ ಇಲ್ಲಿ ಇನ್ನೂ ಒಂದು ಅಡ್ಡಿ ಇತ್ತು. ನಮ್ಮಲ್ಲಿ ತಾಮ್ರದ ಚೊಂಬಿನಿಂದ ಅರ್ಘ್ಯ ಬಿಡೋದು ಸೂರ್ಯನಿಗೆ, ಹಾಗಾಗಿ ತಾಮ್ರ ಅಂದ ಕೂಡಲೇ ತಲೆ ಶುಕ್ರನ ಕಡೆ ಹೋಗೋದೇ ಇಲ್ಲ. ಈ ಪಾಠ ಓದುವಷ್ಟು ಹೊತ್ತು ನಮ್ಮ ಪಂಚಾಂಗ ಮುಚ್ಚಿಡಿ.

ಆ ಗುರುತನ್ನು ಹೆಣ್ಣು ಜೀವಕ್ಕೆ ಬಳಕೆಗೆ ತಂದವನು ಸಸ್ಯವಿಜ್ಞಾನಿ ಲಿನ್ನೇಯಸ್. ತಮಾಷೆ ಅಂದರೆ ಅವನು 1734ರಲ್ಲಿ ಇದೇ ರೋರೋಸ್‌ಗೆ ಬಂದು ಹೋಗಿದ್ದ. ಪರೀಕ್ಷೆಗೆ ಇದು ಬೇಕಾಗಲ್ಲ, ಸುಮ್ನೆ ಹೇಳಿದೆ.

ದೇವರ ಮನೆಯ ಮೇಲೆ ಕಂಪನಿ ಮುದ್ರೆ ಯಾಕೆ? ಕಟ್ಟಲು ದುಡ್ಡು ಕೊಟ್ಟಿದ್ದು ಕಂಪನಿ. ಆ ದುಡ್ಡು ಎಲ್ಲಿಂದ ಬಂತು ಅನ್ನೋದಕ್ಕೆ ‘ಸರ್ಕಮ್‌ಫರೆನ್ಸ್’ ಎಂಬ ಮಾತು ತಿಳಿದಿರಬೇಕು. ಗಣಿತದಲ್ಲಿ ಅದು ಪರಿಧಿ, ಬರೀ ಗೆರೆ. ಇಲ್ಲಿ ಗೆರೆಯ ಒಳಗಿನ ನೆಲವೆಲ್ಲ. 1646ರಲ್ಲಿ ಡೆನ್ಮಾರ್ಕ್-ನಾರ್ವೆಯ ರಾಜ ನಾಲ್ಕನೇ ಕ್ರಿಶ್ಚಿಯನ್ ಗಣಿಯನ್ನು ನಡುವೆ ಇಟ್ಟು ವೃತ್ತ ಎಳೆಸಿ, ಒಳಗಿನ ಅದಿರು, ಕಾಡು, ನೀರು ಎಲ್ಲದರ ಹಕ್ಕನ್ನು ಕಂಪನಿಗೆ ಕೊಟ್ಟ. ನಾಲ್ಕು ಹಳೇ ಮೈಲಿ, ಅಂದರೆ ಸುಮಾರು 45 ಕಿ.ಮೀ. ಗಮನಿಸಿ, ಇದು ತ್ರಿಜ್ಯ! ನಾನು ವ್ಯಾಸ ಅಂದುಕೊಂಡು ಹಾಕಿದ ಲೆಕ್ಕದಲ್ಲಿ ನೆಲ ಕಾಲು ಭಾಗಕ್ಕೆ ಇಳಿದಿತ್ತು. ಸರಿಯಾಗಿ ಹಾಕಿದರೆ 6,300 ಚದರ ಕಿ.ಮೀ. ದಾಟುತ್ತದೆ. ಅಷ್ಟು ನೆಲದೊಳಗಿನ ರೈತರು ಕಂಪನಿ ಹೇಳಿದಾಗ ಇದ್ದಿಲು, ಅದಿರು ಸಾಗಿಸಬೇಕಿತ್ತು. ಅದಿರು ಕರಗಿಸಲು ಕಾಡು ಕಡಿದು ಕಡಿದು ಸುತ್ತಲ ಗುಡ್ಡ ಬೋಳಾಯಿತು. ಲೋಹ ತೆಗೆದ ಮೇಲೆ ಉಳಿದ ಕರಿ ಕಿಟ್ಟದ ದಿಬ್ಬಗಳು ಈಗಲೂ ಊರಿನಲ್ಲಿವೆ. ಕೆಜಿಎಫ್‌ನ ಸೈನೈಡ್ ದಿಬ್ಬ ನೋಡಿದವರಿಗೆ ಬೇರೆ ವಿವರಣೆ ಬೇಡ.

ಕಟ್ಟಡದ ಬಗ್ಗೆ ಜಾಸ್ತಿ ಇಲ್ಲ. ಎಂಟು ಮೂಲೆ, ಬರೋಕ್ ಶೈಲಿ, ನಕ್ಷೆ ಸ್ವೆನ್ ಆಸ್ಪೋಸ್‌ನದು. ಸುತ್ತ ಸಾಲು ಸಾಲು ಮರದ ಮನೆಗಳು, ನಡುವೆ ಸುಮಾರು 1,600 ಜನ ಕೂರುವ ಕಲ್ಲಿನ ಚರ್ಚ್. ಅದನ್ನು ‘ಬರ್ಗ್‌ಸ್ಟಾಡೆನ್ಸ್ ಸೀರ್’ ಅನ್ನುತ್ತಾರೆ, ಗಣಿಪೇಟೆಯ ಒಡವೆ ಅಂತ. ಒಳಗೆ ಒಂದೇ ಗೋಡೆಗೆ ಕೆಳಗೆ ಬಲಿಪೀಠ, ಅದರ ಮೇಲೆ ಉಪದೇಶದ ಪೀಠ, ಇನ್ನೂ ಮೇಲೆ ಆರ್ಗನ್ ವಾದ್ಯ.

ಆ ಆರ್ಗನ್ 1742ರದ್ದು. ಚರ್ಚ್ 1784ರದ್ದಾದರೆ ಇದು ಹೇಗೆ ಅಂತ ನಾನು ಇಸವಿಯನ್ನೇ ತಿದ್ದಲು ಹೊರಟಿದ್ದೆ. ತಿದ್ದಬೇಡಿ. ಅದು ಹಳೇ ಮರದ ಚರ್ಚ್ ಇದ್ದ ಕಾಲದ್ದು, ಕಟ್ಟಡಕ್ಕಿಂತ 42 ವರ್ಷ ದೊಡ್ಡದು.